ಸ್ಟ್ರೇಟನರ್ ಇಟ್ಟರೆ ಕೂದಲು ‘ಚುಯ್’ ಅನ್ನುತ್ತದೆ, ತುದಿಯೆಲ್ಲ ಕವಲು. ಏನು ಮಾಡಲಿ?

ಏಳೂವರೆ ವಾರ್ತೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ದಾವಣಗೆರೆಯ ಒಂದು ಕೇಬಲ್ ಚಾನೆಲ್‌ನಲ್ಲಿ ವಾರ್ತೆ ಓದುತ್ತೇನೆ. ಬೆಳಗ್ಗೆ ಏಳೂವರೆಗೆ ಒಂದು, ಸಂಜೆ ಏಳಕ್ಕೆ ಒಂದು. ಚಿಕ್ಕ ಚಾನೆಲ್, ಮೇಕಪ್‌ನವರು ಅಂತ ಬೇರೆ ಇಲ್ಲ. ಮುಖ, ಕೂದಲು, ಸೀರೆ ಪಿನ್ನು ಎಲ್ಲ ನಾವೇ ನೋಡಿಕೊಳ್ಳಬೇಕು. ಐದಕ್ಕೆ ಎದ್ದು ತಲೆಗೆ ಸ್ನಾನ ಮಾಡುತ್ತೇನೆ. ಟವೆಲ್‌ನಿಂದ ಗಸಗಸ ಉಜ್ಜಿ, ಇನ್ನೂ ಒದ್ದೆಯಿರುವ ಕೂದಲಿಗೇ ಸ್ಟ್ರೇಟನರ್ ಇಡುತ್ತೇನೆ. ಪೂರ್ತಿ ಒಣಗಲು ಟೈಮ್ ಎಲ್ಲಿ? ಇಟ್ಟ ಕೂಡಲೇ ಚುಯ್ ಅನ್ನುತ್ತದೆ, ಸ್ವಲ್ಪ ಹೊಗೆ ಏಳುತ್ತದೆ. ಅದು ಆವಿ, ಬಿಡು ಅಂದುಕೊಂಡಿದ್ದೆ. ಎರಡೂವರೆ ವರ್ಷದಿಂದ ವಾರಕ್ಕೆ ಆರು ದಿನ ಹೀಗೇ ನಡೆದಿದೆ.

ಸೊಂಟ ದಾಟಿದ್ದ ಜಡೆ ಈಗ ಬೆನ್ನಿನ ಮಧ್ಯಕ್ಕೆ ಬಂದಿದೆ. ನಾನು ಕತ್ತರಿಸಿಲ್ಲ, ತಾನಾಗಿಯೇ ತುಂಡಾಗಿದೆ. ಬೇಸಿನ್ನಿನಲ್ಲಿ ಬೀಳುವುದು ಬುಡದಿಂದ ಬಂದ ಉದ್ದ ಕೂದಲಲ್ಲ, ಎರಡು ಮೂರು ಇಂಚಿನ ಚೂರುಗಳು. ತುದಿ ನೋಡಿದರೆ ಒಂದು ಎಳೆ ಎರಡಾಗಿ, ಕೆಲವು ಕಡೆ ಮೂರಾಗಿ ಸೀಳಿದೆ.

ಹೋದ ತಿಂಗಳು ಇನ್ನೊಂದು ತಮಾಷೆ ಆಯಿತು. ಕೂದಲಿನ ಮೇಲೆ ಬಿಳಿ ಬಿಳಿ ಚುಕ್ಕೆ ಕಂಡು ಅಮ್ಮ ಸೀರು ಅಂದರು. ಇಪ್ಪತ್ತೆಂಟು ವರ್ಷದವಳನ್ನು ಹಿತ್ತಿಲಲ್ಲಿ ಕೂರಿಸಿ, ಹಳೇ ಸೀರಣಿಗೆ ಹುಡುಕಿ ತಂದು ಅರ್ಧ ಗಂಟೆ ಎಳೆದರು. ಒಂದು ಹೇನೂ ಸಿಗಲಿಲ್ಲ. ಬಾಚಣಿಗೆಯ ತುಂಬ ಮುರಿದ ಕೂದಲು ಮಾತ್ರ.

ಈಗ ನನ್ನ ಪ್ರಶ್ನೆ. ಸೀಳಿದ ತುದಿಯನ್ನು ಮತ್ತೆ ಕೂಡಿಸುತ್ತದೆ ಅಂತ ಬರೆದಿರುವ ಒಂದು ಸೀರಮ್ಮಿಗೆ ಆರುನೂರು ರೂಪಾಯಿ ಕೊಟ್ಟಿದ್ದೇನೆ. ನಿಜಕ್ಕೂ ಕೂಡುತ್ತದಾ? ಆಫೀಸಿನ ಗೆಳತಿ ಪಾರ್ಲರಿನಲ್ಲಿ ಮದ್ದು ಹಾಕಿ ಕೂದಲು ನೇರ ಮಾಡುವ ಕೆರಟಿನ್ ಮಾಡಿಸು ಅನ್ನುತ್ತಾಳೆ. ಅಮ್ಮ ಮೆಷಿನ್ ಬಿಸಾಡು, ಎಣ್ಣೆ ಹಚ್ಚು ಅನ್ನುತ್ತಾರೆ. ನಮ್ಮ ಸಾಹೇಬರಿಗೆ ಸ್ಕ್ರೀನ್ ಮೇಲೆ ಕೂದಲು ನೀಟಾಗಿರಬೇಕು. ಮೆಷಿನ್ನಿನ ಡಿಸ್‌ಪ್ಲೇಯಲ್ಲಿ 230 ಅಂತ ಇರುತ್ತದೆ. ಆನ್ ಮಾಡಿದರೆ ನೇರ ಅಲ್ಲಿಗೇ ಹೋಗುತ್ತದೆ, ನಾನು ಮುಟ್ಟಿಯೇ ಇಲ್ಲ.

ಚಟ್ನಿಪುಡಿ:

ತಿಂಗಳಿಗೊಮ್ಮೆ ಟ್ರಿಮ್ ಮಾಡಿಸಿ. ಕತ್ತರಿಸಿದಷ್ಟೂ ಬೇಗ ಬೆಳೆಯುತ್ತೆ. ನಮ್ಮಜ್ಜಿ ಹೇಳ್ತಿದ್ರು.

ಬೋರ್‌ವೆಲ್ ಬಸಣ್ಣ:

ನೀರು ಯಾವುದು ಮೇಡಂ? ಬೋರ್ ನೀರಾದರೆ ಅದೇ ಕಾರಣ. ನಮ್ಮ ಮನೆಗೆ ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿಸಿದ ಮೇಲೆ ನನ್ನ ಹೆಂಡತಿ ಕೂದಲು ಬಾಚುವಾಗ ಬೈಯುವುದು ಕಡಿಮೆ ಆಗಿದೆ.

ಹಾಸನದ ಪಾರ್ಲರ್ ಅಕ್ಕ:

ತಂಗೀ, ನಿನ್ನ ಪೋಸ್ಟ್ ಓದುತ್ತಾ ಆ ಚುಯ್ ನನ್ನ ಕಿವಿಯಲ್ಲೇ ಕೇಳಿಸಿತು. ಇಪ್ಪತ್ತನಾಲ್ಕು ವರ್ಷದಿಂದ ಪಾರ್ಲರ್ ನಡೆಸುತ್ತಿದ್ದೇನೆ. ಈ ಶಬ್ದಕ್ಕೆ ಹೆದರುವುದನ್ನು ನಾನು ಕಲಿತದ್ದು ಒಂದು ಮದುವೆ ಛತ್ರದಲ್ಲಿ. ಮದುಮಗಳ ತಂಗಿ, ಹತ್ತೊಂಬತ್ತರ ಹುಡುಗಿ. ಮುಹೂರ್ತಕ್ಕೆ ಮುಕ್ಕಾಲು ಗಂಟೆ ಇತ್ತು, ತಲೆ ಒದ್ದೆ. ಎಲ್ಲರೂ ಬೇಗ ಬೇಗ ಅನ್ನುತ್ತಿದ್ದರು. ನಾನು ಕೂದಲು ಸುರುಳಿ ಮಾಡುವ ಬಿಸಿ ಟಾಂಗ್ ಸುತ್ತಿ ಹತ್ತು ಎಣಿಸಿ ಬಿಚ್ಚಿದೆ. ಕೂದಲು ಟಾಂಗಿನಲ್ಲೇ ಉಳಿಯಿತು. ಆ ಹುಡುಗಿ ಅಳಲಿಲ್ಲ, ನಾನೇ ಅತ್ತೆ. ದುಡ್ಡು ತೆಗೆದುಕೊಳ್ಳಲಿಲ್ಲ ಅನ್ನುವುದು ಬೇರೆ ಮಾತು, ಕೂದಲು ವಾಪಸ್ ಬರುತ್ತಾ?

ಆಗುವುದು ಇಷ್ಟೇ. ಕೂದಲಿನ ಹೊರಗೆ ಮೀನಿನ ಹುರುಪೆಯ ಹಾಗೆ ಪದರ ಪದರ ಇರುತ್ತದೆ. ಒಳಗೆ ಗಟ್ಟಿ ನಾರು. ಒದ್ದೆ ಕೂದಲಿನಲ್ಲಿ ನೀರು ಆ ನಾರಿನ ನಡುವೆ ಕೂತಿರುತ್ತದೆ. ಇನ್ನೂರು ಡಿಗ್ರಿಯ ತಗಡನ್ನು ಮೇಲಿಂದ ಒತ್ತಿದರೆ ಆ ನೀರು ಒಳಗೇ ಕುದಿಯುತ್ತದೆ. ಹೋಗಲು ದಾರಿ ಇಲ್ಲದ ಆವಿ ಕೂದಲಿನೊಳಗೇ ಗುಳ್ಳೆ ಮಾಡುತ್ತದೆ. ಹಪ್ಪಳವನ್ನು ಕಾದ ಎಣ್ಣೆಗೆ ಬಿಟ್ಟಾಗ ಏಳುತ್ತದಲ್ಲ, ಹಾಗೆ. ಡಾಕ್ಟರುಗಳು ಇದಕ್ಕೆ ಬಬಲ್ ಹೇರ್ ಅನ್ನುತ್ತಾರೆ. ಗುಳ್ಳೆ ಇರುವ ಜಾಗದಲ್ಲೇ ಕೂದಲು ಪಟ್ಟಂತ ಮುರಿಯುತ್ತದೆ. ಬೇಸಿನ್ನಿನಲ್ಲಿ ಎರಡು ಮೂರು ಇಂಚಿನ ಚೂರು ಬೀಳುತ್ತದೆ ಅಂದೆಯಲ್ಲ, ನನಗೆ ಅನುಮಾನ ಬಂದದ್ದು ಅಲ್ಲಿಯೇ.

ಆ ಬಿಳಿ ಚುಕ್ಕೆ ಸೀರು ಇರಲಾರದು. ಸೀರು ಕೂದಲಿನ ಒಂದು ಪಕ್ಕಕ್ಕೆ ಅಂಟಿರುತ್ತದೆ, ಹೆಚ್ಚಾಗಿ ಬುಡದ ಹತ್ತಿರ. ನಿನ್ನದು ತುದಿಯ ಕಡೆ ಇದ್ದು, ಎರಡೂ ಬದಿ ಹಿಡಿದು ಮೆಲ್ಲಗೆ ಎಳೆದರೆ ಚುಕ್ಕೆಯ ಜಾಗಕ್ಕೇ ತುಂಡಾದರೆ, ಅದು ನಾರು ಒಡೆದು ಪೊರಕೆಯ ಹಾಗೆ ಬಿಚ್ಚಿಕೊಂಡಿರುವ ಜಾಗ. ಅಮ್ಮನಿಗೆ ಹೇಳು, ಸೀರಣಿಗೆ ಒಳಗಿಡಲಿ. ಅದರಿಂದ ಇನ್ನೂ ನಾಲ್ಕು ಮುರಿಯುತ್ತದೆ.

ಸೀರಮ್ ಕೂಡಿಸುವುದಿಲ್ಲ. ಅದರಲ್ಲಿ ಇರುವುದು ಹೆಚ್ಚಾಗಿ ಸಿಲಿಕೋನ್. ಸೀಳಿದ ಎರಡು ಎಳೆಗೂ ಒಂದು ತೆಳು ಲೇಪ ಕೊಟ್ಟು ಅಂಟಿಸಿ ಹಿಡಿಯುತ್ತದೆ. ಮುಂದಿನ ಸ್ನಾನದಲ್ಲಿ ಹೋಗುತ್ತದೆ. ಬಿಸಾಡಬೇಡ, ನಯವಾಗಿ ಇಡುತ್ತದೆ, ಒಂದಕ್ಕೊಂದು ತಿಕ್ಕುವುದು ತಪ್ಪುತ್ತದೆ. ಆದರೆ ತಲೆಯಿಂದ ಹೊರಬಂದ ಕೂದಲಿಗೆ ಜೀವ ಇಲ್ಲ ತಂಗೀ. ಗಾಯ ಮಾಯುವ ಹಾಗೆ ಅದು ಮಾಯುವುದಿಲ್ಲ. ಸೀಳಿದ್ದನ್ನು ಕತ್ತರಿಸಬೇಕು. ಬಿಟ್ಟರೆ ಸೀಳು ಮೇಲಕ್ಕೆ ಏರುತ್ತದೆ.

ಚಟ್ನಿಪುಡಿಯವರೇ, ಅಜ್ಜಿಯ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಕೂದಲು ಬೆಳೆಯುವುದು ಬುಡದಲ್ಲಿ. ತುದಿ ಕತ್ತರಿಸಿದ್ದು ಬುಡಕ್ಕೆ ಗೊತ್ತೇ ಆಗುವುದಿಲ್ಲ. ತುದಿ ಮುರಿಯುವುದು ನಿಂತಾಗ ಬೆಳೆದದ್ದು ಕಣ್ಣಿಗೆ ಕಾಣುತ್ತದೆ, ಅಷ್ಟೇ. ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ನೀನೇ ಲೆಕ್ಕ ಹಾಕು ತಂಗೀ, ಅರವತ್ತು ಸೆಂಟಿಮೀಟರ್ ಕೂದಲಿನ ತುದಿಗೆ ಐದು ವರ್ಷ ವಯಸ್ಸು. ಐದು ವರ್ಷದ ಬಿಸಿಲು, ಶಾಂಪೂ, ಬಾಚಣಿಗೆ, ಸ್ಕೂಟಿ ಗಾಳಿ ಎಲ್ಲ ಅದರ ಮೇಲೇ ಬಿದ್ದಿದೆ. ಬುಡದ ಕೂದಲಿಗೆ ಇಡುವಷ್ಟೇ ಬಿಸಿ ತುದಿಗೂ ಇಡುತ್ತೀಯ ಅಲ್ವಾ? ಮಗುವಿಗೂ ಅಜ್ಜಿಗೂ ಒಂದೇ ಮೂಟೆ ಹೊರಿಸಿದ ಹಾಗೆ.

ಇನ್ನು ನಿನ್ನ ಕೆಲಸದ ವಿಷಯ. ಬಿಟ್ಟುಬಿಡು ಅನ್ನುವುದು ಸುಲಭ, ನಿನ್ನ ಹೊಟ್ಟೆಪಾಡು ಅದು. ಒಂದು ಮಾತು ಕೇಳುತ್ತೇನೆ. ವಾರ್ತೆ ಓದುವಾಗ ನಿನ್ನ ಬೆನ್ನು ಕಾಣುತ್ತಾ? ಇಲ್ಲ ತಾನೆ? ಮತ್ತೆ ಹಿಂದಿನ ಕೂದಲಿಗೆ ಯಾಕೆ ದಿನಾ ಸ್ಟ್ರೇಟನರ್? ಕ್ಯಾಮೆರಾಗೆ ಬೇಕಾದ್ದು ಹಣೆಯ ಮೇಲಿನ ಪದರ ಮತ್ತು ಎರಡು ಹೆಗಲ ಮುಂದೆ ಬರುವ ಎಳೆ. ಅಷ್ಟಕ್ಕೆ ಮಾತ್ರ ಇಡು. ಹಿಂದಿನದನ್ನು ಸಡಿಲ ತುರುಬೋ ಜಡೆಯೋ ಹಾಕಿಬಿಡು. ರಬ್ಬರ್ ಬ್ಯಾಂಡ್ ಬೇಡ, ಬಟ್ಟೆ ಸುತ್ತಿದ್ದು ತಗೋ. ಕಟ್ಟುವ ಜಾಗವನ್ನೂ ದಿನಾ ಬದಲಾಯಿಸು.

ತಲೆ ಸ್ನಾನ ರಾತ್ರಿ ಮಾಡು, ದಿನ ಬಿಟ್ಟು ದಿನ. ಬೆಳಗ್ಗೆಗೆ ಕೂದಲು ತಾನಾಗಿ ಒಣಗಿರುತ್ತದೆ. ಸ್ಟ್ರೇಟನರ್ ಇಡುವ ಮೊದಲು ಒಂದು ಟಿಶ್ಯೂ ಪೇಪರಿನ ನಡುವೆ ಎಳೆ ಒತ್ತು. ಪೇಪರ್ ತೇವವಾದರೆ ಮೆಷಿನ್ ಕೆಳಗಿಡು. ಚುಯ್ ಅಂದರೂ ಅಷ್ಟೇ. ಹೀಟ್ ಪ್ರೊಟೆಕ್ಟರ್ ಸ್ಪ್ರೇ ಹೊಡೆದರೆ ಅದೂ ಆರುವ ತನಕ ಕಾಯಬೇಕು. ಎಷ್ಟೋ ಜನ ಸ್ಪ್ರೇ ಹೊಡೆದು ಒದ್ದೆಯಲ್ಲೇ ಒತ್ತುತ್ತಾರೆ, ಕಾಪಾಡಲು ತಂದದ್ದೇ ಸುಡುತ್ತದೆ. ಬಿಸಿ ಎಷ್ಟು ಅಂದರೆ, ನನ್ನ ಪಾರ್ಲರಿನಲ್ಲಿ ತೆಳು ಕೂದಲಿಗೆ 150 ದಾಟಿಸುವುದಿಲ್ಲ, ದಪ್ಪ ಕೂದಲಿಗೆ 180. ನಿನ್ನ ಮೆಷಿನ್ನಿನಲ್ಲಿ ಪ್ಲಸ್ ಮೈನಸ್ ಬಟನ್ ಇರಲೇಬೇಕು, ಹುಡುಕು. ಸಣ್ಣ ಸಣ್ಣ ಎಳೆ ತಗೊಂಡು, ಮುಂದೆ ಬಾಚಣಿಗೆ, ಹಿಂದೆ ಮೆಷಿನ್. ಒಂದೇ ಸಲ, ಎಲ್ಲೂ ನಿಲ್ಲಿಸದೆ. ಒಂದೇ ಕಡೆ ಐದು ಸಲ ಎಳೆಯುವವರೇ ಜಾಸ್ತಿ.

ತೆಂಗಿನೆಣ್ಣೆ ಹಚ್ಚಿ ಅದರ ಮೇಲೆ ಸ್ಟ್ರೇಟನರ್ ಇಡಲೇಬೇಡ. ನಿನ್ನ 230ಕ್ಕೆ ಆ ಎಣ್ಣೆ ಹೊಗೆ ಆಡುತ್ತದೆ. ಒಗ್ಗರಣೆ ಅನುಭವ ಇದೆಯಲ್ಲ.

ಧಾರವಾಡ ಕೆಮಿಸ್ಟ್ರಿ:

ನಾನು ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ತಲೆಯಲ್ಲಿ ಈಗ ಕೂದಲು ಕಡಿಮೆ, ಆದರೆ ಕೂದಲಿನ ವಿಷಯ ಇದೆ. ಅಕ್ಕ ಹೇಳಿದ್ದಕ್ಕೆ ಎರಡು ಮೂರು ಮಾತು ಸೇರಿಸುತ್ತೇನೆ.

ಕೂದಲಿಗೆ ಆಕಾರ ಕೊಡುವ ಬಂಧಗಳಲ್ಲಿ ಇಲ್ಲಿ ಮುಖ್ಯವಾದವು ಎರಡು. ಒಂದು ಹೈಡ್ರೋಜನ್ ಬಂಧ. ಇದು ನೀರಿಗೂ ಬಿಸಿಗೂ ಸಡಿಲವಾಗಿ, ಒಣಗಿದಾಗ ಮತ್ತೆ ಕಟ್ಟಿಕೊಳ್ಳುತ್ತದೆ. ಸ್ಟ್ರೇಟನರ್ ಆಟ ಆಡುವುದು ಇದರ ಜೊತೆ. ಅದಕ್ಕೇ ನೀವು ನೇರ ಮಾಡಿದ ಕೂದಲು ಮಳೆಗಾಲದ ಗಾಳಿಗೆ ಮತ್ತೆ ಸುರುಳಿಯಾಗುವುದು. ಇನ್ನೊಂದು ಗಂಧಕದ ಬಂಧ, ಅದು ಗಟ್ಟಿ. ಪಾರ್ಲರಿನಲ್ಲಿ ಕೂದಲನ್ನು ಕಾಯಂ ನೇರ ಮಾಡುವ ರೀಬಾಂಡಿಂಗ್‌ನಲ್ಲಿ ರಾಸಾಯನಿಕ ಹಾಕಿ ಒಡೆಯುವುದು ಅದನ್ನು. ಕೂದಲು ಸುಟ್ಟಾಗ ಕೆಟ್ಟ ವಾಸನೆ ಬರುತ್ತದಲ್ಲ, ಅದರಲ್ಲಿ ಈ ಗಂಧಕದ ಪಾಲಿದೆ. ಬೆಳಗ್ಗೆ ಐದಕ್ಕೆ ಆ ವಾಸನೆ ಮೂಗಿಗೆ ಬಡಿದರೆ ಕೂದಲು ಆಗಲೇ ಬೇಯುತ್ತಿದೆ ಅಂತ ತಿಳಿಯಿರಿ.

ಹೇರ್ ಡ್ರೈಯರ್‌ಗೆ ಹೆದರಬೇಡಿ. 2011ರಲ್ಲಿ ಕೊರಿಯಾದವರು ಒಂದು ಪ್ರಯೋಗ ಪ್ರಕಟಿಸಿದರು. ಕೂದಲಿನ ಕಟ್ಟುಗಳನ್ನು ಮೂವತ್ತು ಸಲ ತೊಳೆದು ಒಣಗಿಸಿ ನೋಡಿದರು. 5 ಸೆಂ.ಮೀ. ದೂರದಿಂದ ಡ್ರೈಯರ್ ಹಿಡಿದಾಗ ಬಿಸಿ 95 ಡಿಗ್ರಿ, 10 ಸೆಂ.ಮೀ.ಗೆ 61, 15 ಸೆಂ.ಮೀ.ಗೆ 47. ಹತ್ತಿರ ಹೋದಷ್ಟೂ ಹೊರಪದರ ಹಾಳು, ಇದು ನಿರೀಕ್ಷೆ ಮಾಡಿದ್ದೇ. ಆದರೆ ಗಾಳಿಗೆ ಒಣಗಲು ಬಿಟ್ಟ ಕೂದಲಿನ ಒಳಗೆ, ಕೋಶಗಳನ್ನು ಅಂಟಿಸಿ ಹಿಡಿಯುವ ಪದರದಲ್ಲಿ ಹಾನಿ ಕಂಡಿತು. ಡ್ರೈಯರ್ ಹಾಕಿದವುಗಳಲ್ಲಿ ಆ ಹಾನಿ ಕಾಣಲಿಲ್ಲ. ತುಂಬ ಹೊತ್ತು ಒದ್ದೆಯಲ್ಲಿ ಊದಿಕೊಂಡಿರುವುದೂ ಒಳ್ಳೆಯದಲ್ಲ ಅಂತ ಅವರ ಅಂದಾಜು. ಹಾಗಾಗಿ ಒಂದು ತಿದ್ದುಪಡಿ. ರಾತ್ರಿ ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಮಲಗಬೇಡಿ. ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ 15 ಸೆಂಟಿಮೀಟರ್ ಇರುತ್ತದೆ. ಅಷ್ಟು ದೂರದಿಂದ, ಡ್ರೈಯರ್ ಆಡಿಸುತ್ತಾ ಇರಿ, ಒಂದೇ ಕಡೆ ನಿಲ್ಲಿಸಬೇಡಿ.

ಎಣ್ಣೆ ವಿಷಯದಲ್ಲಿ ನಿಮ್ಮ ತಾಯಿ ಅರ್ಧ ಸರಿ. 2003ರಲ್ಲಿ ರೇಲೆ ಮತ್ತು ಮೊಹಿಲೆ ಅನ್ನುವವರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದರು. ಕೂದಲಿನಿಂದ ಪ್ರೋಟೀನ್ ತೊಳೆದು ಹೋಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಒಂದೇ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರ, ಒಳಗೆ ಇಳಿಯುತ್ತದೆ. ಇಬ್ಬರೂ ತೆಂಗಿನೆಣ್ಣೆ ಮಾರುವ ಮಾರಿಕೋ ಕಂಪನಿಯ ಪ್ರಯೋಗಾಲಯದವರೇ, ಇದನ್ನೂ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಗಮನಿಸಬೇಕಾದ್ದು, ಸ್ನಾನಕ್ಕೆ ಮೊದಲು ಹಚ್ಚಿದರೂ ಕೆಲಸ ಮಾಡಿತು. ನರಕ ಚತುರ್ದಶಿಗೆ ಎಣ್ಣೆ ಒತ್ತಿ ಆಮೇಲೆ ನೀರು ಹಾಕುತ್ತೇವಲ್ಲ, ಅದೇ ಕ್ರಮ.

ಬಸಣ್ಣನವರೇ, ನೀರು ಕಾರಣದಲ್ಲಿ ಒಂದು, ‘ಅದೇ ಕಾರಣ’ ಅಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೆ ಕೂತು ಒರಟು ಮಾಡುತ್ತದೆ. ಒರಟಾದರೆ ಸಿಕ್ಕು, ಸಿಕ್ಕಾದರೆ ಎಳೆತ. ಕುಡಿಯುವ ನೀರಿನ ಗಡಸುತನಕ್ಕೆ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಇಟ್ಟಿರುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಇಲ್ಲದಿದ್ದರೆ 600ರ ತನಕ. ಸಾಫ್ಟ್‌ನರ್‌ಗೆ ದುಡ್ಡು ಹಾಕುವ ಮೊದಲು ಒಂದು ಬಾಟಲಿ ನೀರು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕೊನೆಯ ಎರಡು ಚೊಂಬು ಫಿಲ್ಟರ್ ನೀರು ಹಾಕಿಕೊಂಡರೂ ನಡೆಯುತ್ತದೆ.

ತೀರ್ಥಹಳ್ಳಿ ಹಿತ್ತಿಲು:

ನಮ್ಮಲ್ಲಿ ಶಾಂಪೂವೇ ಬೇಡ, ಸೀಗೆಕಾಯಿ ಸಾಕು ಅನ್ನುವವರಿದ್ದಾರೆ. ನಾನೂ ಹಾಗೇ ಅನ್ನುತ್ತಿದ್ದೆ. ಆಮೇಲೆ ಗೊತ್ತಾಯಿತು, ತರಿತರಿ ಸೀಗೆಪುಡಿ ಹಾಕಿ ಉಜ್ಜಿದರೆ ಅದೂ ಕೂದಲನ್ನು ತರಚುತ್ತದೆ. ಬಟ್ಟೆಯಲ್ಲಿ ಸೋಸಿದ ಪುಡಿ ಬೇಕು, ಇಲ್ಲವಾದರೆ ಕಾಯಿ ನೆನೆಸಿ ಕುದಿಸಿ ನೀರು ಮಾತ್ರ ತಗೊಳ್ಳಿ. ದಾಸವಾಳದ ಎಲೆ ಕಿವುಚಿದ ಲೋಳೆ ಕಂಡೀಷನರ್ ಹಾಗೆ ಜಾರಿಸುತ್ತದೆ, ಸಿಕ್ಕು ಬಿಡಿಸುವುದು ಸುಲಭ. ಬೆಳಗ್ಗೆ ಐದಕ್ಕೆ ಎದ್ದು ಯಾರು ಕಿವುಚುತ್ತಾರೆ ಅಂದರೆ ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಟರ್ಕಿ ಟವೆಲ್‌ನಲ್ಲಿ ಉಜ್ಜುವುದು ಬಿಡಿ. ಹಳೇ ಪಂಚೆ ಹರಿದು ಇಟ್ಟುಕೊಳ್ಳಿ, ತಲೆಗೆ ಸುತ್ತಿ ಒತ್ತಿದರೆ ನೀರು ಹೀರುತ್ತದೆ.

ಚಟ್ನಿಪುಡಿ:

ಸರಿ, ಅಜ್ಜಿ ಸೋತರು 😄 ಆದರೆ ಕೆರಟಿನ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ತಂಗಿಯೂ ಮಾಡಿಸುತ್ತೇನೆ ಅಂತ ಕೂತಿದ್ದಾಳೆ.

ಹಾಸನದ ಪಾರ್ಲರ್ ಅಕ್ಕ:

ಬೇಕಂತಲೇ ಬಿಟ್ಟಿದ್ದೆ, ಅದು ನನ್ನ ಅನ್ನದ ಮಾತು. ಕೇಳಿದ ಮೇಲೆ ಹೇಳುತ್ತೇನೆ. ಹೆಸರು ಕೆರಟಿನ್, ಆದರೆ ನೇರ ಮಾಡುವುದು ಬಾಟಲಿಯ ಇನ್ನೊಂದು ಸಾಮಾನು. ಹಳೇ ತರಹದ್ದರಲ್ಲಿ ಫಾರ್ಮಾಲ್ಡಿಹೈಡ್ ಇರುತ್ತಿತ್ತು. ಕಣ್ಣು ಉರಿದು, ಗಂಟಲು ಕಟ್ಟಿ, ಕಿಟಕಿ ತೆಗೆದು ನಿಲ್ಲುತ್ತಿದ್ದೆವು. ಅದು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಫಾರ್ಮಾಲ್ಡಿಹೈಡ್ ಇಲ್ಲ ಅಂತ ಬರೆದು ಬರುವ ಕೆಲವು ಹೊಸ ಬಾಟಲಿಗಳಲ್ಲಿ ಗ್ಲೈಆಕ್ಸಿಲಿಕ್ ಆಸಿಡ್ ಇರುತ್ತದೆ. 2024ರಲ್ಲಿ ಫ್ರಾನ್ಸಿನ ವೈದ್ಯರು 26 ವರ್ಷದ ಒಬ್ಬ ಹೆಣ್ಣುಮಗಳ ವಿಷಯ ಬರೆದರು. ಮೂರು ಸಲ ಇಂಥ ಸ್ಟ್ರೇಟನಿಂಗ್ ಮಾಡಿಸಿದ್ದಳು, ಮೂರು ಸಲವೂ ಕಿಡ್ನಿಗೆ ಪೆಟ್ಟಾಗಿತ್ತು. ನನ್ನ ಮಗಳು ಅದನ್ನು ಓದಿ ಹೇಳಿದ ದಿನವೇ ನಾನು ಆ ಬಾಟಲಿ ತರಿಸುವುದು ನಿಲ್ಲಿಸಿದೆ. ಸಾಲದ್ದಕ್ಕೆ, ಆ ಮದ್ದು ಕೂರಿಸಲು ಸ್ಟ್ರೇಟನರನ್ನು 200ರ ಮೇಲೆ ಇಟ್ಟು ಒಂದೊಂದು ಎಳೆಗೂ ಎಷ್ಟೋ ಸಲ ಎಳೆಯಬೇಕು. ಈಗಲೇ ಗುಳ್ಳೆ ಬಿದ್ದ ಕೂದಲಿಗೆ ಅದು ಬೇಕಾ? ತಂಗಿಗೆ ಬಾಟಲಿಯ ಹಿಂದಿನ ಚೀಟಿ ಓದಲು ಹೇಳಿ. ಪಾರ್ಲರಿನವರು ಬಾಟಲಿ ತೋರಿಸದಿದ್ದರೆ ಎದ್ದು ಬನ್ನಿ.

ಏಳೂವರೆ ವಾರ್ತೆ:

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಅಕ್ಕ, ಸರ್, ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಬಟನ್ ವಿಷಯ. ಮೆಷಿನ್ನಿನ ಒಳಬದಿಯಲ್ಲಿ ಎರಡು ಪುಟ್ಟ ಗುಂಡಿ ಇದ್ದವು. ಎರಡೂವರೆ ವರ್ಷ ನಾನು ಅದನ್ನು ಡಿಸೈನ್ ಅಂದುಕೊಂಡಿದ್ದೆ. ಈಗ 160. ಹಿಂದಿನ ಕೂದಲಿಗೆ ಮುಟ್ಟಿಸುವುದೇ ಇಲ್ಲ. ಮೊದಲು ಇಪ್ಪತ್ತೈದು ನಿಮಿಷ ಹಿಡಿಯುತ್ತಿದ್ದ ಕೆಲಸ ಎಂಟು ನಿಮಿಷಕ್ಕೆ ಮುಗಿಯುತ್ತದೆ, ಅಷ್ಟು ನಿದ್ದೆ ಲಾಭ.

ನಾಲ್ಕು ಇಂಚು ಕತ್ತರಿಸಿದೆ. ಪಾರ್ಲರಿನಲ್ಲಿ ಕುರ್ಚಿ ಮೇಲೆ ಕೂತಾಗ ಹೊಟ್ಟೆ ತೊಳಸಿತು, ನಿಜ ಹೇಳುತ್ತೇನೆ. ಈಗ ಮೂರು ವಾರಕ್ಕೊಮ್ಮೆ ಒಂದೊಂದು ಎಳೆ ತಿರುಚಿ, ಹೊರಗೆ ಚುಚ್ಚಿಕೊಂಡು ನಿಂತ ಸೀಳು ತುದಿಗಳನ್ನು ಮಾತ್ರ ನಾನೇ ಕತ್ತರಿಸುತ್ತೇನೆ. ಮೊದಲ ಸಲ ಆಫೀಸಿನ ಪೇಪರ್ ಕತ್ತರಿ ಬಳಸಿದೆ. ಹರಿತ ಇಲ್ಲದ ಕತ್ತರಿ ಕೂದಲನ್ನು ಜಗಿದ ಹಾಗೆ ಮಾಡಿ ಹೊಸ ಸೀಳು ಬರಿಸುತ್ತದಂತೆ, ಆ ಪಾರ್ಲರಿನವರು ಬೈದರು. ಬೇರೆ ಕತ್ತರಿ ತಂದು ಅಮ್ಮನ ಕೈಗೆ ಸಿಗದಂತೆ ಬಚ್ಚಿಟ್ಟಿದ್ದೇನೆ. ಸಿಕ್ಕರೆ ಹಾಲಿನ ಪ್ಯಾಕೆಟ್ಟಿಗೆ ಹೋಗುತ್ತದೆ.

ಭಾನುವಾರ ಎಣ್ಣೆ, ಸ್ನಾನಕ್ಕೆ ಒಂದು ಗಂಟೆ ಮೊದಲು. ಅಮ್ಮನಿಗೆ ಗೆದ್ದ ಖುಷಿ. ಅಪ್ಪನ ಒಂದು ಪಂಚೆ ಈಗ ನಾಲ್ಕು ತುಂಡಾಗಿ ಬಚ್ಚಲಲ್ಲಿ ತೂಗುತ್ತಿದೆ, ಅವರು ಇನ್ನೂ ಹುಡುಕುತ್ತಿದ್ದಾರೆ. ಬೇಸಿನ್ನಿನಲ್ಲಿ ಚೂರು ಬೀಳುವುದು ಪೂರ್ತಿ ನಿಂತಿಲ್ಲ. ಮೊದಲು ಕೈತುಂಬ ಸಿಗುತ್ತಿತ್ತು, ಈಗ ಎಣಿಸಬಹುದು. ಬಿಳಿ ಚುಕ್ಕೆ ಹಳೇ ಕೂದಲಿನಲ್ಲಿ ಇನ್ನೂ ಇದೆ. ಕಿವಿಯ ಮೇಲಿನ ಹೊಸ ಕೂದಲಿನಲ್ಲಿ ಹುಡುಕಿದೆ, ಸಿಗಲಿಲ್ಲ.

ಸಾಹೇಬರು ಏನೂ ಅನ್ನಲಿಲ್ಲ, ಅವರು ಗಮನಿಸಿಯೇ ಇಲ್ಲ. ಆದರೆ ಹೋದ ಬುಧವಾರ ಯಾರೋ ವೀಕ್ಷಕರು ಆಫೀಸಿಗೆ ಫೋನ್ ಮಾಡಿ, ಬೆಳಗ್ಗೆ ತುರುಬಿನಲ್ಲಿ ಮಲ್ಲಿಗೆ ಮುಡಿದು ಓದಿದ ಆ ಹೊಸ ಹುಡುಗಿ ಯಾರು ಅಂತ ಕೇಳಿದರಂತೆ. ನಾನೇ. ಮಲ್ಲಿಗೆ ಎಡಕ್ಕೆ ಜಾರಿ ಕಿವಿ ಹತ್ತಿರ ಇಣುಕಿತ್ತು.

ಒಂದು ಪ್ರಶ್ನೆ ಉಳಿದಿದೆ ಅಕ್ಕ. ಸ್ಕೂಟಿಯಲ್ಲಿ ಹೋಗುವಾಗ ಹೆಲ್ಮೆಟ್ಟಿನ ಕೆಳಗೆ ತುರುಬು ಹಿಡಿಸುವುದಿಲ್ಲ. ಜಡೆ ಹಾಕಿದರೆ ಗಾಳಿಗೆ ಬಡಿಯುತ್ತದೆ. ನೀವು ಏನು ಮಾಡುತ್ತೀರಿ?

ಹಾಸನದ ಪಾರ್ಲರ್ ಅಕ್ಕ:

ಸಡಿಲ ಜಡೆ, ಅದನ್ನು ಕುರ್ತಾದೊಳಗೆ ಬೆನ್ನಿಗೆ ಇಳಿಸಿಬಿಡು. ತಲೆಗೆ ಮೊದಲು ತೆಳು ಹತ್ತಿ ಸ್ಕಾರ್ಫ್, ಅದರ ಮೇಲೆ ಹೆಲ್ಮೆಟ್. ತುರುಬು ಸ್ಟುಡಿಯೋ ಕನ್ನಡಿ ಮುಂದೆ ಹಾಕಿಕೋ, ಎರಡು ನಿಮಿಷದ ಕೆಲಸ. ಅಪ್ಪನಿಗೆ ಒಂದು ಪಂಚೆ ತಂದುಕೊಡು.